ತಲೆಕಟ್ಟು ಕಳಚಿದ ಮೇಲೆ ಓದು ಬಂತು

"ವರ್ಣಮಾಲೆ ಮುಗಿಸದೆ ಪದ ಓದಿಸ್ತೀರಾ?" ಎಂದು ನಕ್ಕವರೇ ಈಗ ಕಾಗುಣಿತದ ಗುರುತು ಬರೆದ ನನ್ನ ಪಾರದರ್ಶಕ ಪಟ್ಟಿಗಳ ಡಬ್ಬ ಎರವಲು ಕೇಳುತ್ತಿದ್ದಾರೆ. ನನ್ನ ಎರಡನೇ ತರಗತಿಯಲ್ಲಿ ಓದಿನಲ್ಲಿ ಹಿಂದೆ ಉಳಿದಿದ್ದ ಎಂಟೊಂಬತ್ತು ಮಕ್ಕಳಲ್ಲಿ ಆರು ಮಂದಿಯಾದರೂ ಈಗ ನಾಲ್ಕೈದು ಸಾಲು ತಾವೇ ಓದುತ್ತಾರೆ. ದಿನಕ್ಕೆ ಇಪ್ಪತ್ತು ನಿಮಿಷದಂತೆ ಹೆಚ್ಚುಕಡಿಮೆ ನಾಲ್ಕು ತಿಂಗಳು ಹಿಡಿಯಿತು. ಕಣ್ಣು, ಕಿವಿಯ ತಪಾಸಣೆ ಮೊದಲೇ ಆಗಿತ್ತು.

ಇವರೆಲ್ಲ ಕಾಗುಣಿತ ಗಡಗಡ ಒಪ್ಪಿಸುವವರೇ. 'ಕೂ' ಒಂದನ್ನೇ ತೋರಿಸಿ ನೋಡಿ, ಬೆರಳು ಮಡಚುತ್ತಾ 'ಕ ಕಾ ಕಿ ಕೀ' ಎಂದು ಮೊದಲಿಂದ ಬರುತ್ತಾರೆ. ಅಷ್ಟರಲ್ಲಿ ಪದದ ಮೊದಲ ಅಕ್ಷರ ಮರೆತಿರುತ್ತದೆ. ಅದಕ್ಕೇ ಒಂದು ಅಕ್ಷರಕ್ಕೆ ಎಲ್ಲ ಸ್ವರ ಎನ್ನುವುದನ್ನು ಬಿಟ್ಟು, ಒಂದು ಸ್ವರಕ್ಕೆ ಗೊತ್ತಿರುವ ಎಲ್ಲ ಅಕ್ಷರ ಎಂದು ತಿರುಗಿಸಿದೆ. ರ ಗ ಸ ದ ಅ ಬಂದ ಕೂಡಲೇ ಸರ, ಅಗಸ, ಗರಗಸ. ಆಮೇಲೆ ದಾರ, ರಾಗ. ಗುಡಿಸು ('ಇ' ಸ್ವರದ ಗುರುತು) ಬಂದರೆ ಗಿರಿ, ದಾರಿ, ರಾಗಿ.

ಮೊದಲು ಮಾಡಿದ ಅಕ್ಷರದ ಕಾರ್ಡುಗಳಲ್ಲಿ ದುಡ್ಡು ಹಾಳಾದದ್ದು ಲ್ಯಾಮಿನೇಷನ್‌ಗೆ. ಆರೇಳು ನೂರು ಹೋಯಿತು; ಕಿಟಕಿ ಬೆಳಕಿಗೆ ಕಾರ್ಡು ಹೊಳೆದು ಅಕ್ಷರವೇ ಕಾಣದು, ಮಳೆಗಾಲದಲ್ಲಿ ಅಂಚು ಬಿಟ್ಟುಕೊಂಡಿತು. ಈಗಿನದು ಮದುವೆ ಕಾರ್ಡಿನ ಖಾಲಿ ಬೆನ್ನು. ಅದರ ಮೇಲೆ ತಲೆಕಟ್ಟು (ಅಕ್ಷರದ ತಲೆಯ ಮೇಲಿನ ಗೆರೆ) ಇಲ್ಲದ ರ, ಗ, ಸ, ದ. ತಲೆಕಟ್ಟು, ಇಳಿ ('ಆ' ಸ್ವರದ ಗುರುತು), ಗುಡಿಸು ಮಾತ್ರ ಓಎಚ್‌ಪಿ ಪ್ರೊಜೆಕ್ಟರಿನ ಪಾರದರ್ಶಕ ಹಾಳೆಯ ಪಟ್ಟಿಗಳ ಮೇಲೆ. ತಲೆಕಟ್ಟಿನ ಪಟ್ಟಿ ತೆಗೆದು ಗುಡಿಸಿನದು ಇಟ್ಟರೆ 'ಗ' ಹೋಗಿ 'ಗಿ'. ಏನು ಬದಲಾಯಿತು, ಏನು ಉಳಿಯಿತು ಎಂಬುದನ್ನು ಮಗುವಿನ ಕೈಯೇ ಹೇಳುತ್ತದೆ. ಪರ್ಮನೆಂಟ್ ಮಾರ್ಕರ್‌ನಲ್ಲೇ ಬರೆಯಿರಿ. ಬೋರ್ಡ್ ಮಾರ್ಕರ್ ಬೆವರಿದ ಬೆರಳಿಗೆ ಅಳಿಸಿಹೋಗುತ್ತದೆ. ಒಟ್ಟು ಖರ್ಚು ನೂರೈವತ್ತು ದಾಟಲಿಲ್ಲ.

ಜ, ಬ, ಲ, ಟಗಳಿಗೆ ತಲೆಕಟ್ಟೇ ಇಲ್ಲ, ಅಲ್ಲಿ ಇದು ನಡೆಯುವುದಿಲ್ಲ, ಬೇರೆ ಕಾರ್ಡೇ ಬೇಕು. ಎಂದಿನ ರೂಪ ಬಿಡುವ ಮಿ, ಯಿ, ಮೊ, ಯೊ ಕೊನೆಗೆ ಇಡಿ. ಪು, ವುಗಳಲ್ಲಿ ಕೊಂಬು ('ಉ' ಸ್ವರದ ಗುರುತು) ಕೆಳಗಿಳಿಯುವುದನ್ನೂ ಬೇರೆಯಾಗಿಯೇ ತೋರಿಸಬೇಕು. ವ-ಮ, ಪ-ಷ, ದ-ಧ ಒಂದೇ ವಾರದಲ್ಲಿ ಬೇಡ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಮಧ್ಯೆ ಫೋನಿನಲ್ಲಿ ಪಾಠ ರೆಕಾರ್ಡ್ ಮಾಡಿ ಕೇಳಿಸಿದ್ದೂ ಉಂಟು. ಮಕ್ಕಳು ಬಾಯಿಪಾಠ ಮಾಡಿಕೊಂಡು ಗೋಡೆ ನೋಡುತ್ತಾ 'ಓದಿದರು'. ಹುಣಸೆಬೀಜದ ಆಟ ಮಾತ್ರ ಫಲ ಕೊಟ್ಟಿತು: ಪುಸ್ತಕ ಮುಚ್ಚಿ, ಅಕ್ಷರಕ್ಕೊಂದು ಬೀಜ. 'ಗರಗಸ'ದ ಮೊದಲ ಬೀಜ ತೆಗೆದರೆ ಏನುಳಿಯಿತು? 'ಸರ' ತಿರುಗಿಸಿದರೆ? ಇಲ್ಲಿ ತಡವರಿಸುವ ಮಕ್ಕಳೇ ಮುಂದೆ ಓದಿನಲ್ಲೂ ತಡವರಿಸಿದ್ದನ್ನು ಕಂಡಿದ್ದೇನೆ. ಅವರಿಗೆ ಪಟ್ಟಿಗೆ ಮುಂಚೆ ಎರಡು ವಾರ ಬೀಜವೇ.

ಒತ್ತಕ್ಷರಕ್ಕೂ ಇದೇ ಪಟ್ಟಿ ಬಳಸುತ್ತೇನೆ. ತ, ನ, ಮ, ಯಗಳ ಒತ್ತಿನ ರೂಪವೇ ಬೇರೆ ಇರುವುದರಿಂದ ಅಲ್ಲೊಂದು ಉಪಾಯ ಬೇಕು, ಅದರ ಗುಟ್ಟು ಸದ್ಯಕ್ಕೆ ಬಿಟ್ಟುಕೊಡುವುದಿಲ್ಲ. ಅರ್ಕಾವೊತ್ತು (ಮೊದಲು ಉಚ್ಚರಿಸಿದರೂ ಅಕ್ಷರದ ನಂತರ ಬರೆಯುವ 'ರ್' ಗುರುತು) ಇನ್ನೂ ಕೈಗೆ ಸಿಕ್ಕಿಲ್ಲ: 'ಸೂರ್ಯ'ವನ್ನು ಮೂವರು ಈಗಲೂ 'ಸೂಯರ' ಎನ್ನುತ್ತಾರೆ.