ಮನೆ ಖರ್ಚನ್ನು ಕ್ವಿಂಟಲ್‌ನಲ್ಲಿ ಅಳೆದ ಲೆಕ್ಕ: ನನ್ನ ಅನುಭವ

ಅಡಿಕೆಗೆ ದರ ಬಂದ ವರ್ಷ ಮನೆ ಖರ್ಚು ಏರುತ್ತದೆ. ದರ ಬಿದ್ದ ವರ್ಷ ಅದು ಇಳಿಯುವುದಿಲ್ಲ. 2014ರಲ್ಲಿ ಕೆಂಪಡಿಕೆ (ಬೇಯಿಸಿ ಒಣಗಿಸಿದ ಅಡಿಕೆ) ದರ ಏರಿದ್ದನ್ನೂ ಆಮೇಲೆ ಇಳಿದದ್ದನ್ನೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೆಳೆಗಾರರಿಗೆ ನಾನು ನೆನಪಿಸಬೇಕಾಗಿಲ್ಲ. ಏರಿದ ದರ ನೋಡಿ ಕಾರು ತಂದವರು ಇಳಿದ ದರದಲ್ಲಿ ಕಂತು ಕಟ್ಟಿದರು. ನಮ್ಮ ಮನೆಯಲ್ಲಿ ಐದಾರು ವರ್ಷದಿಂದ ಬೇರೆ ಲೆಕ್ಕ ನಡೆದಿದೆ: ದರ ಏರಲಿ ಇಳಿಯಲಿ, ಮನೆಗೆ ವರ್ಷಕ್ಕೊಂದು ಗೊತ್ತಾದ ಸಂಬಳ. ಶುರು ಮಾಡಿದಾಗ "ದರ ಬಂದಾಗ ಉಣ್ದೆ ಇನ್ಯಾವಾಗ ಉಂಬದು ಮಾರಾಯಾ" ಎಂದವರೇ ಹೆಚ್ಚು. ಎಲೆಚುಕ್ಕೆ, ಕೊಳೆ ರೋಗ ಎರಡೂ ಒಟ್ಟಿಗೆ ಬಂದು ಬೆಳೆಯ ಮೂರನೇ ಒಂದು ಪಾಲು ಹೋದ ವರ್ಷವೂ ಮನೆಗೆ ಹೋಗುವ ಹಣ ಕಡಿಮೆಯಾಗಲಿಲ್ಲ. ಕೈಗಡ ಬೇಕಾಗಲಿಲ್ಲ, ಬಂಗಾರ ಅಡವಿಗೆ ಹೋಗಲಿಲ್ಲ. ಅಂದು ನಕ್ಕವರಲ್ಲಿ ಕೆಲವರು ಈಗ ಲೆಕ್ಕದ ಹಾಳೆ ಕೇಳುತ್ತಿದ್ದಾರೆ. ಅದಕ್ಕೇ ಈ ಬರಹ.

ತೋಟ ಮೂರು ಎಕರೆ. ಒಳ್ಳೆಯ ವರ್ಷ ಚಾಲಿ (ಸಿಪ್ಪೆ ಸಹಿತ ಒಣಗಿಸಿ ಸುಲಿದ ಅಡಿಕೆ) ಲೆಕ್ಕದಲ್ಲಿ 28 ಕ್ವಿಂಟಲ್ ಆಸುಪಾಸು, ಕೊಳೆ ಬಂದರೆ 20. ಎರಡು ಅಂಕಿ ಹಿಡಿದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ: ತಗ್ಗು ಬೆಳೆ ಮತ್ತು ತಗ್ಗು ದರ. ತಗ್ಗು ಬೆಳೆ ಎಂದರೆ ಕೊಳೆ ವರ್ಷದ 20 ಕ್ವಿಂಟಲ್. ತಗ್ಗು ದರ ಎಂದರೆ ಕಳೆದ ಐದು ವರ್ಷದಲ್ಲಿ ನಮ್ಮದೇ ಮಾರಾಟದ ಪಟ್ಟಿಗಳ ಪ್ರಕಾರ ಅತಿ ಕಡಿಮೆ ಬಂದ ವರ್ಷದ ಸರಾಸರಿ. ಪೇಪರಿನಲ್ಲಿ ಬರುವ ಗರಿಷ್ಠ ದರ ಹಿಡಿದರೆ ಲೆಕ್ಕ ಮೊದಲ ದಿನವೇ ಕೆಟ್ಟಿತು. ಆ ದರ ಸಿಗುವುದು ಒಳ್ಳೆಯ ಮಾಲಿನ ನಾಲ್ಕು ಚೀಲಕ್ಕೆ. ಬಿಳಿಗೋಟು, ಕೋಕಾ, ಉದುರು ಎಂಬ ಕೆಳದರ್ಜೆಯ ಮಾಲೂ ಎಲ್ಲ ಸೇರಿಸಿ ಬಂದ ಒಟ್ಟು ಹಣವನ್ನು ಒಟ್ಟು ಕ್ವಿಂಟಲ್‌ಗೆ ಭಾಗಿಸಬೇಕು. ಹಮಾಲಿ, ಬಾಡಿಗೆ ಕಳೆದ ಮೇಲಿನ ಹಣ ಹಿಡಿಯಬೇಕು. ಹೀಗೆ ಮಾಡಿದಾಗ ನಮಗೆ ಶುರುವಿನಲ್ಲಿ ಬಂದದ್ದು ಹೆಚ್ಚುಕಡಿಮೆ 24 ಸಾವಿರ.

20 ಕ್ವಿಂಟಲ್‌ಗೆ 24 ಸಾವಿರದಂತೆ 4.8 ಲಕ್ಷ. ತೋಟದ ಖರ್ಚು ಆಗ 2.1 ಲಕ್ಷ ಇತ್ತು: ಕೊನೆಗೌಡರ (ಮರ ಹತ್ತಿ ಕೊನೆ ಕೊಯ್ಯುವವರ) ಕೂಲಿ, ಸುಲಿಯುವುದು, ಔಷಧ ಹೊಡೆಯಲು ಮೈಲುತುತ್ತ, ಸುಣ್ಣ, ಗೊಬ್ಬರ, ದರಕು (ಒಣ ಎಲೆ) ತರುವುದು, ಬಸಿಗಾಲುವೆ ಕೆಲಸ. ಇದನ್ನು ಮಾತ್ರ ಹಳೆ ವರ್ಷದ ಅಂಕಿಯಲ್ಲಿ ಹಿಡಿಯಬೇಡಿ. ದರ ಬಿದ್ದರೂ ಕೂಲಿ ಬೀಳುವುದಿಲ್ಲ. ಹಾಗಾಗಿ ಆದಾಯ ಹಳೆಯ ತಗ್ಗು ದರದಲ್ಲಿ, ಖರ್ಚು ಇವತ್ತಿನ ಕೂಲಿಯಲ್ಲಿ. ಕಳೆದರೆ ಉಳಿದದ್ದು 2.7 ಲಕ್ಷ, ಅದೇ ಮನೆಯ ವರ್ಷದ ಸಂಬಳ. ತೋಟದಲ್ಲಿ 11 ಲಕ್ಷದ ಮಾಲು ಆಗಲಿ, 5 ಲಕ್ಷದ್ದಾಗಲಿ, ಮನೆಗೆ ಅಷ್ಟೇ.

ಈ ಸಂಬಳವನ್ನು 12ರಿಂದ ಭಾಗಿಸಿದರೆ ನಡೆಯುವುದಿಲ್ಲ. ನಮ್ಮ ಕಡೆ ತಿಂಗಳುಗಳು ಒಂದೇ ತೂಕದವಲ್ಲ. ಆಷಾಢದಲ್ಲಿ ಪೇಟೆಗೆ ಹೋಗುವುದೇ ಕಡಿಮೆ. ಏಪ್ರಿಲ್, ಮೇ ಬಂತೆಂದರೆ ಮದುವೆ, ಉಪನಯನ, ಉಡುಗೊರೆ, ಊರಿಗೆ ಬಂದ ನೆಂಟರು. ಚೌತಿಯಿಂದ ದೀಪಾವಳಿವರೆಗೆ ಇನ್ನೊಂದು ಏರು. 12 ಸಮಪಾಲು ಮಾಡಿದ ವರ್ಷ ಮೇ ತಿಂಗಳಲ್ಲೇ ಕಟ್ಟು ಹರಿಯಿತು, ಜೂನ್ ಪಾಲನ್ನು ಮುಂಗಡ ತೆಗೆಯಬೇಕಾಯಿತು. ಒಮ್ಮೆ ಮುಂಗಡ ತೆಗೆದರೆ ಸಂಬಳ ಎಂಬ ಶಿಸ್ತು ಉಳಿಯುವುದಿಲ್ಲ. ಈಗ 14 ಪಾಲು: ತಿಂಗಳಿಗೊಂದರಂತೆ 12, ಏಪ್ರಿಲ್‌ನಲ್ಲಿ ಒಂದು ಹೆಚ್ಚಿಗೆ, ಭಾದ್ರಪದದಲ್ಲಿ ಒಂದು ಹೆಚ್ಚಿಗೆ. ಪಾಲಿಗೆ 19 ಸಾವಿರ ಬಂತು.

ಹಣ ಹರಿಯುವ ದಾರಿ ಬದಲಿಸದೆ ಇದು ಸಾಧ್ಯವಿಲ್ಲ. ನಮ್ಮಲ್ಲಿ ಬಹುಪಾಲು ಮನೆಗಳ ಸೋರಿಕೆ ಸೊಸೈಟಿಯಲ್ಲಿ ಸದಸ್ಯನ ಜಮಾ-ಖರ್ಚು ಬರೆಯುವ ಆಸಾಮಿ ಖಾತೆಯಲ್ಲಿದೆ. ಅಡಿಕೆ ಹಣ ಅಲ್ಲೇ ಜಮೆ, ಗೊಬ್ಬರ ಅಲ್ಲೇ, ಅಕ್ಕಿ ಬೇಳೆ ಅಲ್ಲೇ, ಮಿಕ್ಸರ್ ಕೂಡ ಅಲ್ಲೇ. ಕೈಯಿಂದ ನೋಟು ಹೋಗದೆ ಇರುವುದರಿಂದ ಖರ್ಚು ಕಣ್ಣಿಗೆ ಬೀಳುವುದು ವರ್ಷದ ಕೊನೆಗೆ. ಖಾತೆಯ ಒಂದು ವರ್ಷದ ಉತಾರ (ನಕಲು) ತೆಗೆಸಿ, ಖರ್ಚಿನ ಪ್ರತಿ ಸಾಲಿನ ಪಕ್ಕ ತೋಟಕ್ಕೆ 'ತೋ', ಮನೆಗೆ 'ಮ' ಎಂದು ಬರೆಯಿರಿ. ನಮ್ಮದರಲ್ಲಿ 'ಮ' ಹತ್ತಿರ ಹತ್ತಿರ ಅರ್ಧ ಇತ್ತು. ಈಗ ಆ ಖಾತೆ ತೋಟಕ್ಕೆ ಮಾತ್ರ. ಪೇಟೆಯ ಬ್ಯಾಂಕಿನಲ್ಲಿ ಇನ್ನೊಂದು ಖಾತೆ ಇದೆ, ಪ್ರತಿ ತಿಂಗಳು 5ನೇ ತಾರೀಕು ಅಲ್ಲಿಗೆ ಒಂದು ಪಾಲು ಬೀಳುತ್ತದೆ. ದಿನಸಿ, ಗ್ಯಾಸ್, ಶಾಲೆ, ಮೊಬೈಲ್, ಔಷಧ ಎಲ್ಲ ಅದರಿಂದ. ಫೋನಿನ ಯುಪಿಐ ಆ ಖಾತೆಗೆ ಮಾತ್ರ ಜೋಡಿಸಿದೆ. ಹೆಂಡತಿಯ ಫೋನೂ ಅದಕ್ಕೇ. ದಿನಸಿಗೊಂದು, ಹಾಲಿಗೊಂದು ಎಂದು ಲಕೋಟೆ ಮಾಡಿಟ್ಟು ನೋಡಿದ್ದೂ ಆಯಿತು. ಯುಪಿಐ ಬಂದ ಮೇಲೆ ಅದು ಸಾಗಲಿಲ್ಲ, ಲಕೋಟೆಯಲ್ಲಿ ನೋಟು ಹಾಗೇ ಇರುತ್ತಿತ್ತು, ಖಾತೆ ಖಾಲಿ.

ಇನ್ನು ಖರ್ಚನ್ನು ಅಳೆಯುವ ರೀತಿ. ಇದರ ಮೇಲೆ ನನಗೆ ಹೆಮ್ಮೆ ಇದೆ, ಇಡೀ ಪದ್ಧತಿ ನಿಂತಿರುವುದೇ ಇದರ ಮೇಲೆ. ಹೊಸ ವಸ್ತು ಬೇಕೆಂದಾಗ ಅದರ ಬೆಲೆ ನೋಡುವುದಿಲ್ಲ, ಅದರ ಬಾಲ ನೋಡುತ್ತೇವೆ. ಬಾಲ ಎಂದರೆ ಪ್ರತಿ ವರ್ಷ ಅದಕ್ಕೆ ಹಾಕುತ್ತ ಹೋಗಬೇಕಾದ ಹಣ. ಅದನ್ನು ತಗ್ಗು ದರದಿಂದ ಭಾಗಿಸಿ ಕ್ವಿಂಟಲ್ ಮಾಡಬೇಕು. 9 ಲಕ್ಷದ ಕಾರು ನೋಡಿ. 4 ಲಕ್ಷ ಕೈಯಿಂದ, 5 ಲಕ್ಷ ಸಾಲ. ಐದು ವರ್ಷಕ್ಕೆ ಒಂಬತ್ತೂವರೆ ಬಡ್ಡಿಯಲ್ಲಿ ತಿಂಗಳ ಕಂತು 10,500. ವರ್ಷಕ್ಕೆ 1.26 ಲಕ್ಷ. ವಿಮೆ, ಸರ್ವೀಸ್, ಟೈರಿಗೆ ಸರಾಸರಿ 35-40 ಸಾವಿರ, ಪೆಟ್ರೋಲಿಗೆ ಅಷ್ಟೇ. ಎರಡು ಲಕ್ಷ ಮುಟ್ಟಿತು. 24 ಸಾವಿರದಿಂದ ಭಾಗಿಸಿದರೆ 8 ಕ್ವಿಂಟಲ್ ಮೇಲೆ. ತಗ್ಗು ವರ್ಷದ 20 ಕ್ವಿಂಟಲ್‌ನಲ್ಲಿ 8 ಕಾರಿಗೆ! ರೂಪಾಯಿಯಲ್ಲಿ ಹೇಳಿದರೆ ಮನೆಯಲ್ಲಿ ವಾದ ಮುಗಿಯುವುದಿಲ್ಲ. ಅಟ್ಟದ ಮೇಲಿನ ಚೀಲ ತೋರಿಸಿ "ಇಷ್ಟು ಕಾರಿಗೆ" ಎಂದರೆ ಮಕ್ಕಳಿಗೂ ತಿಳಿಯುತ್ತದೆ. ನಾವು ಬಾಡಿಗೆ ಗಾಡಿಯಲ್ಲೇ ಇದ್ದೇವೆ. ಹುಬ್ಬಳ್ಳಿ ಆಸ್ಪತ್ರೆಗೆ ಹೋಗಿಬರಲು ಮೂರೂವರೆ ಸಾವಿರ, ಮಂಗಳೂರಿಗೆ ಅದರ ಎರಡೂವರೆ ಪಟ್ಟು. ಮದುವೆ ಮುಂಜಿ ಎಲ್ಲ ಸೇರಿ ವರ್ಷಕ್ಕೆ 40 ಸಾವಿರ ದಾಟಿದ್ದು ಕಡಿಮೆ. ಉಳಿದ ಓಡಾಟಕ್ಕೆ ಸ್ಕೂಟರ್ ಸಾಕು.

ಬಾಲ ಇಲ್ಲದ ಖರ್ಚಿಗೆ ಕೈ ಬಿಗಿ ಹಿಡಿಯುವುದಿಲ್ಲ. ಒಳ್ಳೆಯ ಹಾಸಿಗೆ, ಹಲ್ಲಿನ ಚಿಕಿತ್ಸೆ, ಅಡುಗೆಮನೆಗೆ ಸರಿಯಾದ ಬೆಳಕು, ಹೆಂಚು ಹೊದಿಸಿ ಸೋರಿಕೆ ನಿಲ್ಲಿಸುವುದು, ಅಪ್ಪ ಅಮ್ಮನಿಗೆ ಕಾಶಿ ಯಾತ್ರೆ, ಇವೆಲ್ಲ ಒಮ್ಮೆ ಕೊಟ್ಟು ಮುಗಿಯುವಂಥವು. ಏಸಿ ಹಾಗಲ್ಲ. ಗೃಹಜ್ಯೋತಿಯಲ್ಲಿ ನಮಗೆ ಸಿಗುವ ಉಚಿತ ಯೂನಿಟ್ ನಿಂತಿರುವುದು 2022-23ರ ನಮ್ಮ ಬಳಕೆಯ ಸರಾಸರಿಗೆ ಶೇ. 10 ಸೇರಿಸಿದ ಲೆಕ್ಕದ ಮೇಲೆ. ಅದಕ್ಕಿಂತ ಹೆಚ್ಚಾದ ಯೂನಿಟ್‌ಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. ಏಸಿ ಹಾಕಿದ ಮನೆಗೆ ಏಸಿಯ ಬೆಲೆಗಿಂತ ಇದು ದುಬಾರಿ. ಮಲೆನಾಡಿನ ಮಣ್ಣಿನ ಗೋಡೆ, ಹೆಂಚಿನ ಮಾಡು ಇದ್ದವರಿಗೆ ಅದರ ಅಗತ್ಯವೇ ಇಲ್ಲ. ಅದನ್ನು ಕೆಡವಿ ಆರ್‌ಸಿಸಿ ಹಾಕಿದ ಮೇಲೆಯೇ ಬೇಸಿಗೆಯಲ್ಲಿ ಏಸಿ ಬೇಕೆನಿಸುವುದು. ಒಂದು ಖರ್ಚು ಇನ್ನೊಂದನ್ನು ಕರೆತರುವ ಪರಿ ಇದು.

ಒಳ್ಳೆಯ ವರ್ಷದಲ್ಲಿ 28 ಕ್ವಿಂಟಲ್‌ಗೆ 40 ಸಾವಿರ ಬಂದರೆ 11 ಲಕ್ಷದ ಮೇಲೆ. ತೋಟಕ್ಕೆ 3 ಲಕ್ಷ, ಮನೆಗೆ 2.7 ಲಕ್ಷ ಹೋಗಿ ಐದೂವರೆ ಲಕ್ಷ ಉಳಿಯುತ್ತದೆ. ಮೊದಲು ಅದರಿಂದ ತಗ್ಗು ವರ್ಷದ ನಿಧಿ ತುಂಬಬೇಕು: ಎರಡು ವರ್ಷದ ಮನೆ ಸಂಬಳ, ಒಂದು ವರ್ಷದ ತೋಟದ ಖರ್ಚು. ನಮಗೆ ಏಳೂವರೆ ಲಕ್ಷ ಆಯಿತು. ಅದು ತುಂಬುವವರೆಗೆ ಬೇರೆ ಯಾವುದಕ್ಕೂ ಇಲ್ಲ. ತುಂಬಿದ ಮೇಲೆ ಬಂದ ಉಳಿಕೆಯಲ್ಲಿ ಅರ್ಧ ತೋಟಕ್ಕೆ, ಹತ್ತನೇ ಒಂದು ಪಾಲು ಬಾಲ ಇಲ್ಲದ ಸಂತೋಷಕ್ಕೆ, ಮಿಕ್ಕಿದ್ದು ಮಕ್ಕಳ ಓದಿಗೆ ಮತ್ತು ವಯಸ್ಸಾದ ಕಾಲಕ್ಕೆ. ಆ ಹತ್ತನೇ ಪಾಲನ್ನು ಅದೇ ವರ್ಷ ಖರ್ಚು ಮಾಡಲೇಬೇಕು ಎಂಬ ನಿಯಮ ಇದೆ. ಇಲ್ಲದಿದ್ದರೆ ಮನೆಯವರಿಗೆ ಇಡೀ ಪದ್ಧತಿಯೇ ಬೇಸರ ತರುತ್ತದೆ.

ನಿಧಿಯನ್ನು ಒಂದೇ ಕಡೆ ಇಡಬೇಡಿ. ಬ್ಯಾಂಕ್ ಠೇವಣಿಗೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಇದೆ. ಆದರೆ ಆ ವಿಮೆ ಕೃಷಿ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಇಲ್ಲ. ಅರ್ಧ ಪರ್ಸೆಂಟ್ ಬಡ್ಡಿ ಹೆಚ್ಚೆಂದು ಎಲ್ಲವನ್ನೂ ಅಲ್ಲಿ ಸುರಿಯುವವರು ಇದನ್ನು ನೋಡಬೇಕು. ಮೂರು ತಿಂಗಳಿಗೊಮ್ಮೆ ಒಂದು ಬಿಚ್ಚುವಂತೆ ಸಣ್ಣ ಸಣ್ಣ ಠೇವಣಿ ಮಾಡಿದರೆ ಅವಧಿಗೆ ಮುಂಚೆ ಮುರಿಯುವ ಪ್ರಸಂಗ ಬರುವುದಿಲ್ಲ. ಅದರಲ್ಲಿ ಒಂದನ್ನು ಬೆಳೆಸಾಲದ ಗಡುವಿಗೆ 15 ದಿನ ಮೊದಲು ಬಿಚ್ಚುವಂತೆ ಇಡಿ. ಶೂನ್ಯ ಬಡ್ಡಿ ಎಂಬುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಅಡಿಕೆ ಆದಾಯಕ್ಕೆ ತೆರಿಗೆ ಇಲ್ಲ ಎಂದು ಠೇವಣಿ ಬಡ್ಡಿಯನ್ನೂ ಹಾಗೇ ಬಿಡಬೇಡಿ, ಅದು ತೆರಿಗೆಗೆ ಸೇರುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯ ಕಂತು ತೋಟದ ಖರ್ಚಿನಲ್ಲೇ ಬರೆಯಿರಿ. ಅದರಿಂದ ಬರುವ ಪರಿಹಾರವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಬಂದರೆ ನೇರ ನಿಧಿಗೆ.

ಕಾಳುಮೆಣಸನ್ನು ನಾನು ಆದಾಯದಲ್ಲಿ ಸೇರಿಸಿಯೇ ಇಲ್ಲ. ಚೆನ್ನಾಗಿ ಒಣಗಿಸಿ, ಒಳಗೆ ಪ್ಲಾಸ್ಟಿಕ್ ಚೀಲ, ಹೊರಗೆ ಗೋಣಿ ಹಾಕಿ ನೆಲಕ್ಕೆ ತಾಗದಂತೆ ಹಲಗೆಯ ಮೇಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಮಗಳ ಕಾಲೇಜಿನ ಫೀ ಅದರಿಂದಲೇ ಹೋಗುತ್ತಿದೆ. ಚಾಲಿಯನ್ನು ಹೀಗೇ ಹಳತು ಮಾಡಿ ಹೆಚ್ಚಿನ ದರಕ್ಕೆ ಕಾಯುವ ಪ್ರಯೋಗ ಅಷ್ಟು ಹಿಡಿಸಲಿಲ್ಲ. ಮಳೆಗಾಲದ ಥಂಡಿಗೆ ಬೂಸ್ಟು, ಹುಳ, ತೂಕ ಇಳಿತ ಎಲ್ಲ ಕಳೆದರೆ ಲಾಭ ಎದ್ದು ಕಾಣಲಿಲ್ಲ. ಸ್ವಲ್ಪ ಅಡಿಕೆಯನ್ನು ಬೇಯಿಸಿ ರಾಶಿ (ಕೆಂಪಡಿಕೆ) ಮಾಡಿದರೆ ಚಾಲಿ ಒಣಗುವ ಮೊದಲೇ ಕೈಗೆ ಹಣ ಬರುತ್ತದೆ, ಸಂಬಳದ ಪಾಲಿಗೆ ಅದು ಅನುಕೂಲ. ಎಷ್ಟು ರಾಶಿ, ಎಷ್ಟು ಚಾಲಿ, ಯಾವ ವಾರ ಮಾಲು ಕೊಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ತೋಟ ತೋಟಕ್ಕೆ ಬೇರೆ, ನನ್ನದು ನನಗೇ ಇರಲಿ.

ಕಾರವಾರದಲ್ಲಿ ನೌಕರಿಯಲ್ಲಿರುವ ತಮ್ಮ ಇದನ್ನೇ ಸಂಬಳಕ್ಕೆ ಹೊಂದಿಸಿದ್ದಾನೆ. ಎರಡು ಇಂಕ್ರಿಮೆಂಟ್ ಹಿಂದಿನ ಕೈಸಂಬಳವೇ ಅವನ ತಗ್ಗು ದರ. ಹೆಚ್ಚಾದ ಡಿಎ, ಅರಿಯರ್ಸ್ ಎಲ್ಲ ಬಂದ ದಿನವೇ ಆರ್‌ಡಿಗೆ ತಿರುಗುತ್ತದೆ. ಅವನಿಗೆ ಬೆಳೆಯ ಚಿಂತೆ ಇಲ್ಲ, ಹಾಗಾಗಿ ನಿಧಿ ಆರು ತಿಂಗಳದ್ದು ಸಾಕು.

ಮನೆ ಸಂಬಳ ಏರುವುದೇ ಇಲ್ಲವೇ ಎಂದು ಕೇಳುತ್ತಾರೆ. ಏರುತ್ತದೆ, ಆದರೆ ಈ ವರ್ಷದ ದರ ನೋಡಿ ಅಲ್ಲ. ಪ್ರತಿ ವರ್ಷ ಮಾರ್ಚ್ 31 ಮುಗಿದ ವಾರ ಹೊಸ ವರ್ಷದ ಪಟ್ಟಿ ಸೇರಿಸಿ, ಐದು ವರ್ಷಕ್ಕಿಂತ ಹಳೆಯದನ್ನು ತೆಗೆಯುತ್ತೇವೆ. ಹಳೆಯ ತಗ್ಗು ವರ್ಷ ಪಟ್ಟಿಯಿಂದ ಜಾರಿದಾಗ ತಗ್ಗು ದರ 33 ಸಾವಿರದ ಹತ್ತಿರ ಬಂತು. 20 ಕ್ವಿಂಟಲ್‌ಗೆ 6.6 ಲಕ್ಷ, ತೋಟದ ಖರ್ಚು ಅಷ್ಟರಲ್ಲಿ 3.2 ಲಕ್ಷಕ್ಕೆ ಏರಿತ್ತು. ಉಳಿದದ್ದು 3.4 ಲಕ್ಷ, ಪಾಲಿಗೆ 24 ಸಾವಿರ. ಹೊಸ ಅಂಕಿಯನ್ನು ಕಪಾಟಿನ ಬಾಗಿಲ ಒಳಗೆ ಅಂಟಿಸುತ್ತೇವೆ. ಸಂಬಳ ಏರಿದ ವರ್ಷ ನಿಧಿಯ ಗುರಿಯೂ ಏರುತ್ತದೆ, ನಮ್ಮದು ಈಗ ಹತ್ತು ಲಕ್ಷ. ಅದು ಮತ್ತೆ ತುಂಬುವವರೆಗೆ ಹತ್ತನೇ ಪಾಲಿನ ಸಂತೋಷಕ್ಕೂ ತಡೆ.