ಪಾಟಲಿಯ ಒಳಗೇನಿದೆ: ಬಂಗಾರವನ್ನು ನೀರಿನಲ್ಲಿ ತೂಗಿದ ನನ್ನ ಅನುಭವ

ಗದಗಿನಲ್ಲಿ ಹಳೆಯ ಬಂಗಾರ ಕೊಳ್ಳುವ, ಗಿರವಿ ಹಿಡಿಯುವ ನನ್ನಂಥ ಸಣ್ಣ ಸರಾಫರ ಪೇಚು ಒಂದೇ: ಒರೆಗಲ್ಲೂ ಆಸಿಡ್ಡೂ ಮೇಲ್ಮೈಯನ್ನಷ್ಟೇ ತಿಳಿಸುತ್ತವೆ, ಎಕ್ಸ್-ರೇ ಬಿಟ್ಟು ಲೋಹ ಗುರುತಿಸುವ, ಲಕ್ಷಗಟ್ಟಲೆ ಬೆಲೆಯ ಎಕ್ಸ್‌ಆರ್‌ಎಫ್ ಯಂತ್ರವೂ ಕೆಲವೇ ಮೈಕ್ರಾನ್ ಆಳ ನೋಡುತ್ತದೆ. ಅರ ಹಾಕಿದರೆ ಒಳಗಿನದು ಕಾಣುತ್ತದೆ, ಆದರೆ ಅತ್ತೆ ಕೊಟ್ಟ ಪಾಟಲಿ ಬಳೆಗೆ ಅರ ಹಾಕಲು ಯಾರು ಒಪ್ಪುತ್ತಾರೆ? 2023ರ ಏಪ್ರಿಲ್‌ನಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಗೆ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಕಡ್ಡಾಯವಾಗಿದ್ದರೂ ನಮ್ಮಲ್ಲಿಗೆ ಬರುವ ಹಳೆಯ ಮಾಲಿನ ಮೇಲೆ ಬಹುಮಟ್ಟಿಗೆ ಯಾವ ಗುರುತೂ ಇರುವುದಿಲ್ಲ.

ಹಾಗಾಗಿ ಒಡವೆಯ ಸಾಂದ್ರತೆ ನೋಡತೊಡಗಿದೆ. ತಕ್ಕಡಿಯ ಮೇಲೆ ನೀರಿನ ಗ್ಲಾಸು ಇಟ್ಟು ಸೊನ್ನೆ ಮಾಡಿ, ಒಡವೆಯನ್ನು ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು, ಬಂದ ಅಂಕಿಯಿಂದ ಒಣ ತೂಕವನ್ನು ಭಾಗಿಸುವುದನ್ನು (ಆ ಭಾಗಲಬ್ಧವೇ ಸಾಂದ್ರತೆ) ನೋಡಿ ಹಿರಿಯ ಸರಾಫರು ನಕ್ಕರು. ಮೊದಮೊದಲು ಅವರ ನಗೆಗೆ ಕಾರಣವೂ ಇತ್ತು. ಒಂದೂವರೆ ಸಾವಿರ ರೂಪಾಯಿಯ ತಕ್ಕಡಿ 0.01 ಗ್ರಾಂ ವರೆಗೆ ಮಾತ್ರ ತೋರಿಸುತ್ತಿತ್ತು; ಎರಡು ಗ್ರಾಂ ಉಂಗುರಕ್ಕೆ 0.11 ಬಂದರೆ ಭಾಗಲಬ್ಧ 18.2, 0.12 ಬಂದರೆ 16.7, ಅಂದರೆ ಒಂದು ಅಂಕಿ ಅಲುಗಿದರೆ ಇಪ್ಪತ್ತೆರಡು ಕ್ಯಾರಟ್ ಇಪ್ಪತ್ತಾಗುತ್ತಿತ್ತು. ಕೊನೆಗೆ ಹದಿನೆಂಟು ಸಾವಿರದ ಆಸುಪಾಸಿನಲ್ಲಿ ಮಿಲಿಗ್ರಾಂ ತಕ್ಕಡಿ ತಂದೆ, ಫ್ಯಾನಿನ ಗಾಳಿಗೆ ಅದೂ ನಿಲ್ಲದಾದಾಗ ಸುತ್ತ ಗಾಜಿನ ಪೆಟ್ಟಿಗೆ ಕಟ್ಟಿಸಿದೆ. ಸರದ ಕೊಂಡಿಗಳಲ್ಲಿ ಸಿಕ್ಕುವ ಗುಳ್ಳೆಗಳು ಒಂದು ಹನಿ ಸಾಬೂನಿಗೆ ಅರ್ಧ ಬಿಡುತ್ತವೆ. ಉಳಿದರ್ಧವನ್ನು ಬಿಡಿಸುವ ಉಪಾಯ ನನ್ನಲ್ಲೇ ಇರಲಿ. ನೀರಿನ ಬದಲು ಸೀಮೆಎಣ್ಣೆಯನ್ನೂ ಪ್ರಯೋಗಿಸಿದೆ. ಸಂದುಗಳಿಗೆ ಚೆನ್ನಾಗಿ ಇಳಿಯುತ್ತದೆ, ಆದರೆ ಅದರ ಸಾಂದ್ರತೆ ನಮ್ಮ ಬೇಸಿಗೆಯ ಕಾವಿಗೆ ನೀರಿಗಿಂತ ಹೆಚ್ಚು ಬದಲಾಗುತ್ತದೆ, ವಾಸನೆಯಂತೂ ಗಿರಾಕಿಗೆ ಸೇರುವುದಿಲ್ಲ.

ಅಪರಂಜಿ 19.3 ಬರಬೇಕು. ಇಪ್ಪತ್ತೆರಡು ಕ್ಯಾರಟ್, ತಾಮ್ರ ಬೆರೆಸಿದ್ದರೆ 17.6ರ ಹತ್ತಿರ, ಬೆಳ್ಳಿ ಬೆರೆಸಿದ್ದರೆ 18. ಹದಿನೆಂಟು ಕ್ಯಾರಟ್ 15ರಿಂದ 16.

ಒಮ್ಮೆ ಸುಮಾರು ನಾಲ್ಕು ತೊಲೆಯ ಪಾಟಲಿ ಜೋಡಿ ಗಿರವಿಗೆ ಬಂತು. ಒರೆಗಲ್ಲು ಒಪ್ಪಿತು, ಯಂತ್ರದ ಚೀಟಿಯೂ ಇಪ್ಪತ್ತೆರಡು ಕ್ಯಾರಟ್ಟಿನ ಅಂಕಿಯಾದ 916ರ ಸಮೀಪವೇ ಇತ್ತು. ನೀರಿನಲ್ಲಿ 11.5ರ ಸುಮಾರು ಬಂತು. ಎರಡು ಲಕ್ಷಕ್ಕೂ ಮಿಕ್ಕಿದ ಸಾಲದ ಮಾತಾದ್ದರಿಂದ ಗಿರಾಕಿಯ ಒಪ್ಪಿಗೆ ಪಡೆದು ಕತ್ತರಿಸಿದರೆ ಒಳಗೆಲ್ಲ ಬೆಳ್ಳಿ, ಮೇಲೆ ದಪ್ಪ ಬಂಗಾರದ ತಗಡು. ಒಳಗಿನ ಚೂರನ್ನು ನೈಟ್ರಿಕ್ ಆಸಿಡ್ಡಿನಲ್ಲಿ ಕರಗಿಸಿ ಉಪ್ಪುನೀರು ಬಿಟ್ಟಾಗ ಮೊಸರಿನಂತೆ ಒಡೆಯಿತು, ಅದು ಬೆಳ್ಳಿಯ ಗುರುತು. ನಕ್ಕವರಲ್ಲಿ ಇಬ್ಬರು ಈಗ ತಮ್ಮ ಅನುಮಾನದ ಮಾಲನ್ನು ನನ್ನ ತಕ್ಕಡಿಗೇ ಕಳಿಸುತ್ತಾರೆ.

ಟಂಗ್‌ಸ್ಟನ್ ಸಾಂದ್ರತೆಯೂ 19.3ರ ಹತ್ತಿರ ಇರುವುದರಿಂದ ಗಟ್ಟಿಗಳ ವಿಷಯದಲ್ಲಿ ಈ ಪರೀಕ್ಷೆಯನ್ನೇ ನಂಬಲಾಗದು. ಆದರೆ ಇಪ್ಪತ್ತೆರಡು ಕ್ಯಾರಟ್ ಎಂದು ತಂದ ಒಡವೆ 18.3 ದಾಟಿದರೆ ನಾನು ಆಗಲೂ ಅನುಮಾನಿಸುತ್ತೇನೆ. ಅರಗು ತುಂಬಿದ ಗುಂಡುಗಳ ಸರವಾದ ಬೋರಮಾಳಕ್ಕೆ ಮತ್ತು ಹರಳಿನ ಒಡವೆಗೆ ನೀರಿನ ತೂಕ ಏನೂ ಹೇಳದು. ಅಂಥ ಮಾಲು ಬಂದರೆ ಗುಂಡು ಬಿಡಿಸಿ, ಅರಗು ಕರಗಿಸಿ, ಆಮೇಲೆ ತೂಗುತ್ತೇನೆ, ಗಿರಾಕಿ ಒಪ್ಪದಿದ್ದರೆ ದುಡ್ಡು ಕೊಡುವುದಿಲ್ಲ.