ಉಲ್ಟಾ ಬಂದ ‘ಊರು’

ನನ್ನ ಮೊದಲ ಜಿಂಕ್ ಪ್ಲೇಟ್‌ನಲ್ಲಿ ನಮ್ಮ ಹಳೇ ಮನೆಯ ಬಾಗಿಲು ಗೀರಿ, ಕೆಳಗೆ ‘ಊರು’ ಅಂತ ಬರೆದಿದ್ದೆ. ಪ್ರೆಸ್‌ನಿಂದ ಕಾಗದ ಎತ್ತಿದರೆ ಅಕ್ಷರಗಳು ಉಲ್ಟಾ! ಕನ್ನಡಿಯಲ್ಲಿ ಕಂಡ ಹಾಗೆ. ಪೇಂಟಿಂಗ್ ಕಲಿಯಬೇಕು ಅಂತ ಕಾಲೇಜು ಸೇರಿದವಳು ನಾನು. ಅವತ್ತಿನಿಂದ ಎಚ್ಚಿಂಗ್, ಅಂದರೆ ಲೋಹದ ಮೇಲೆ ಆಸಿಡ್‌ನಿಂದ ಗೆರೆ ಕೊರೆದು, ಶಾಯಿ ತುಂಬಿ ಅಚ್ಚು ತೆಗೆಯುವ ಕಲೆಯ ಹುಚ್ಚು ಹಿಡಿದುಕೊಂಡಿತು.

ಪ್ಲೇಟ್‌ಗೆ ಆಸಿಡ್ ತಡೆಯುವ ಕಪ್ಪು ಲೇಪ (ಗ್ರೌಂಡ್) ಬಳಿದು, ಸೂಜಿಯಿಂದ ಗೀರಿ, ನೈಟ್ರಿಕ್ ಆಸಿಡ್ ಬೆರೆಸಿದ ನೀರಿಗೆ ಬಿಡಬೇಕು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಯಾವತ್ತೂ ಹಾಕಬಾರದು. ಗೀರಿದ ಕಡೆ ಮಾತ್ರ ಲೋಹ ಕರಗುತ್ತದೆ. ಗೆರೆಯುದ್ದಕ್ಕೂ ಸಣ್ಣ ಗುಳ್ಳೆ ಏಳುತ್ತವೆ. ಅವನ್ನು ಹಕ್ಕಿಯ ಗರಿಯಿಂದ ಮೆಲ್ಲಗೆ ಸವರುತ್ತಾ ನಿಲ್ಲಬೇಕು. ಹೊತ್ತು ಜಾಸ್ತಿಯಾದರೆ ಕೂದಲಿನಂಥ ಗೆರೆ ದಪ್ಪವಾಗುತ್ತದೆ. ಆಮೇಲೆ ಅದನ್ನು ಸರಿ ಮಾಡಲು ದಿನಗಟ್ಟಲೆ ಕೆರೆದು ಉಜ್ಜಬೇಕು. ಆ ಗರಿ ಹಿಡಿದು ನಿಂತ ಹೊತ್ತು ನನಗೆ ಈಗಲೂ ತುಂಬ ಇಷ್ಟ.

ಬಸುರಿಯಾದಾಗ ಆಸಿಡ್ ಬಿಟ್ಟೆ. ಮಗಳು ಹುಟ್ಟಿದ ಮೇಲೂ ಕೆಲವು ವರ್ಷ ಸ್ಟುಡಿಯೋ ಕಡೆ ಹೋಗಲು ಆಗಲಿಲ್ಲ. ಮನೆಯಲ್ಲಿ ಪ್ರೆಸ್ ಎಲ್ಲಿಂದ ಬರಬೇಕು? ಮರದ ಹಲಗೆ ಕೆತ್ತತೊಡಗಿದೆ. ಮಗು ಮಲಗಿದಾಗ ಅಡುಗೆಮನೆ ಕಟ್ಟೆಯ ಮೇಲೆ ಶಾಯಿ ಉರುಳಿಸಿ, ತೆಳು ಕಾಗದ ಹಾಸಿ, ಸೌಟಿನ ಬೆನ್ನಿನಿಂದ ತಿಕ್ಕುತ್ತಿದ್ದೆ. ಒಂದು ಅಚ್ಚಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು, ಭುಜ ಸೇದುತ್ತಿತ್ತು. ಆದರೆ ಕೈಗೆ ಅಭ್ಯಾಸ ತಪ್ಪಲಿಲ್ಲ.

ಆಗ ನನಗೆ ಬಲ ಕೊಟ್ಟದ್ದು ಅಲಿಗಢದಲ್ಲಿ ಹುಟ್ಟಿದ ಅಚ್ಚುಚಿತ್ರ ಕಲಾವಿದೆ ಜರೀನಾ ಹಾಶ್ಮಿ. ಅವರ 1999ರ ‘ಹೋಮ್ ಈಸ್ ಎ ಫಾರಿನ್ ಪ್ಲೇಸ್’ ಸರಣಿಯಲ್ಲಿ 36 ಮರದಚ್ಚುಗಳಿವೆ. ಒಂದೊಂದಕ್ಕೂ ಒಂದು ಉರ್ದು ಪದ. ಅದನ್ನು ನೋಡಿದ ಮೇಲೆ ನಾನೂ ಹೊಸ್ತಿಲು, ಅಂಗಳ, ಬಚ್ಚಲು ಅಂತ ಕನ್ನಡ ಪದಗಳನ್ನು ಕೆತ್ತಿದೆ. ಈ ಸಲ ಉಲ್ಟಾ ಬರೆದೇ ಕೆತ್ತಿದೆ.

ನನ್ನ ಪೇಂಟಿಂಗ್ ಬದಲಾದದ್ದೂ ಈ ಮರದ ಕೆತ್ತನೆಯಿಂದಲೇ. ಹಲಗೆಯಲ್ಲಿ ಕೆತ್ತಿ ತೆಗೆದ ಜಾಗವೇ ಬಿಳಿ. ಬಿಳಿ ಎಲ್ಲಿ ಅನ್ನುವುದನ್ನು ಮೊದಲೇ ಯೋಚಿಸಬೇಕು. ಮುಂಚೆ ಕ್ಯಾನ್ವಾಸ್ ತುಂಬ ಬಣ್ಣ ಬಳಿದು, ಕೊನೆಗೆ ಬಿಳಿ ಹಚ್ಚಿ ಬೆಳಕು ತರುತ್ತಿದ್ದೆ. ಈಗ ಬೆಳಕಿನ ಜಾಗ ಸುಮ್ನೆ ಖಾಲಿ ಬಿಡುತ್ತೇನೆ.

ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಒಬ್ಬರು ಕೇಳಿದ್ದರು, “ಮೇಡಂ, ಇದು ಪ್ರಿಂಟ್ ಅಲ್ವಾ? ಒರಿಜಿನಲ್ ಎಲ್ಲಿದೆ?” ಇದೇ ಒರಿಜಿನಲ್ ಸರ್ ಅಂದೆ. ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದ 3/10 ತೋರಿಸಿ, ಹತ್ತೂ ನನ್ನ ಕೈಯಿಂದಲೇ ಬಂದದ್ದು, ಇದು ಮೂರನೆಯದು ಅಂತ ವಿವರಿಸಿದೆ. ಅವರು ಬಗ್ಗಿ, ಪ್ಲೇಟ್ ಒತ್ತಿದ ಗುರುತನ್ನು ತುಂಬ ಹೊತ್ತು ನೋಡಿದರು. ಪ್ರಿಂಟ್ ಮಾರುವವರು ಇದನ್ನು ಬೇಸರಿಸದೆ ಪ್ರತಿ ಸಲವೂ ಹೇಳಬೇಕು.

ಹತ್ತು ಅಚ್ಚು ಮುಗಿದ ಮೇಲೆ ಪ್ಲೇಟ್‌ಗೆ ಅಡ್ಡಗೀರು ಎಳೆಯುತ್ತೇನೆ, ಮತ್ತೆ ಯಾರೂ ಅಚ್ಚು ತೆಗೆಯದ ಹಾಗೆ. ಆ ‘ಊರು’ ಪ್ಲೇಟ್‌ಗೆ ಮಾತ್ರ ಇನ್ನೂ ಎಳೆದಿಲ್ಲ.